ದಾರ ಹರಿದರೆ ನಿಲ್ಲುವ ಮಗ್ಗ

ಉದ್ಯೋಗ ವ್ಯವಹಾರದ ವಿಷಯವಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ಮೊದಲು ನಗು ಬಂದಿತು. ಮೂವತ್ತೈದು ವರ್ಷ ಸೀಮೆಸುಣ್ಣದ ಹೊರತು ಬೇರೊಂದು ಸರಕನ್ನು ಕೈಯಿಂದ ಮುಟ್ಟದ ಮಾಸ್ತರನು ನಾನು. ಆದರೆ ರಾತ್ರಿ ಮಲಗಿದ ಮೇಲೆ ಕಿವಿಯಲ್ಲಿ ಹಳೆಯ ಸಪ್ಪಳವೊಂದು ಏಳತೊಡಗಿತು. ಅದು ಮಗ್ಗದ ಸಪ್ಪಳ. ಸೊಲ್ಲಾಪುರದಲ್ಲಿ ಹುಟ್ಟಿ ಬೆಳೆದವರಿಗೆ ಆ ಸಪ್ಪಳದ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ನಿದ್ದೆ ಬರುವುದು ಆ ಸಪ್ಪಳದಲ್ಲಿಯೇ. ಅದು ನಿಂತರೆ ಎಚ್ಚರವಾಗುತ್ತದೆ. ನಾನು ವ್ಯಾಪಾರವನ್ನು ಮಾಡಿದವನಲ್ಲ, ನಿಜ. ಆದರೆ ಒಂದು ವ್ಯಾಪಾರವು ಮುಳುಗಿದ್ದನ್ನು ಬಲು ಹತ್ತಿರದಿಂದ, ಚಾಪೆಯ ಮೇಲೆ ಮಲಗಿಕೊಂಡು, ನೋಡಿದವನು.

ನಮ್ಮ ಮನೆಯ ಹಿಂಭಾಗದ ತಗಡಿನ ಮಾಡಿನ ಕೆಳಗೆ ನಾಲ್ಕು ವಿದ್ಯುತ್ ಮಗ್ಗಗಳಿದ್ದುವು. ಎಲ್ಲವೂ ಯಾವುದೋ ಗಿರಣಿಯಿಂದ ಬಿಡುಗಡೆ ಹೊಂದಿ ಬಂದ ಹಳೆಯ ಮಗ್ಗಗಳು. ಅವುಗಳ ಮೇಲೆ ನೇಯುತ್ತಿದ್ದುದು ಟವೆಲು. ಸೊಲ್ಲಾಪುರದ ಚಾದರವು ಇಂದು ಭೌಗೋಳಿಕ ಸೂಚಿಯ ಮುದ್ರೆಯನ್ನು ಪಡೆದು ದೊಡ್ಡ ಹೆಸರನ್ನು ಗಳಿಸಿದೆ. ಟವೆಲು ಅದರ ಬಡ ತಂಗಿ. ಇಬ್ಬರು ನೇಕಾರರಿದ್ದರು. ಹಿರಿಯನನ್ನು ನಾವು ಮಕ್ಕಳೆಲ್ಲ 'ತಾತ' ಎಂದು ಕರೆಯುತ್ತಿದ್ದೆವು. ಆತನ ಮನೆಮಾತು ತೆಲುಗು, ಪೇಟೆಯ ಮಾತು ಮರಾಠಿ, ನಮ್ಮೊಡನೆ ಆಡುತ್ತಿದ್ದುದು ಕನ್ನಡ. ಮೂರು ಭಾಷೆಗಳಲ್ಲಿಯೂ ಮಿತಭಾಷಿಯಾಗಿದ್ದ ಮನುಷ್ಯ.

ಅಪ್ಪನದು ಒಂದೇ ಸೂತ್ರ: "ನಿಂತ ಮಗ್ಗ ಕೂತು ಉಣ್ಣೋ ನೆಂಟ ಇದ್ಹಾಂಗ." ಮಗ್ಗವು ನಿಲ್ಲಕೂಡದು. ಬೇಡಿಕೆ ಇರಲಿ ಇಲ್ಲದಿರಲಿ, ಬೆಳಗಿನಿಂದ ರಾತ್ರಿಯವರೆಗೆ ಲಾಳಿಯು ಓಡಾಡುತ್ತಿರಬೇಕು. ನೇಕಾರರಿಗೆ ಕೂಲಿ ನಗದ ಲೆಕ್ಕ. ಎಷ್ಟು ಟವೆಲು ಇಳಿದುವೋ ಅಷ್ಟು ದುಡ್ಡು. ಆದುದರಿಂದ ಮಗ್ಗವನ್ನು ನಿಲ್ಲಿಸುವುದು ಅವರಿಗೂ ಬೇಕಾಗಿರಲಿಲ್ಲ. ಹೊಕ್ಕಿನ ದಾರವು ತೀರಿದರೆ ಮಗ್ಗವನ್ನು ನಿಲ್ಲಿಸುವ ಒಂದು ಕಡ್ಡಿಯೇನೋ ಆ ಹಳೆಯ ಯಂತ್ರಗಳಲ್ಲಿ ಇತ್ತು. ಆದರೆ ಹಾಸಿನ ದಾರ ಹರಿದರೆ ಕೇಳುವವರಿಲ್ಲ. ಮಗ್ಗವು ತನ್ನ ಪಾಡಿಗೆ ನೇಯುತ್ತಲೇ ಹೋಗುವುದು. ಬಟ್ಟೆಯ ಉದ್ದಕ್ಕೂ ಕೂದಲೆಳೆಯಂಥ ಒಂದು ಗೆರೆಯು ಬೀಳುವುದು. ಅದನ್ನು ಕಾಯಲು ಒಬ್ಬ ಕಾವಲುಗಾರನಿದ್ದನು. ಶಾಲೆ ಬಿಟ್ಟ ಮೇಲೆ ಸಂಜೆ ಎರಡು ತಾಸು ಗುಡ್ಡೆಯ ಮೇಲೆ ಕುಳಿತು ದಾರಗಳನ್ನು ದಿಟ್ಟಿಸುತ್ತಿದ್ದ ಹನ್ನೊಂದು ವರ್ಷದ ಹುಡುಗ. ಅವನೇ ನಾನು.

ಅವ್ವನ ಕೆಲಸ ಕಂಡಿಕೆ ಸುತ್ತುವುದು. ಅವಳ ರಾಟೆಯ ಬಳಿ ಎರಡು ಬಿದಿರಿನ ಬುಟ್ಟಿಗಳು ಇರುತ್ತಿದ್ದುವು. ತುಂಬಿದ ಬುಟ್ಟಿಯು ಮಗ್ಗದ ಕಡೆಗೆ ಹೋಗುವುದು. ಅಲ್ಲಿಂದ ಖಾಲಿ ಬುಟ್ಟಿ ಹಿಂದಿರುಗಿ ಬಂದಾಗ ಮಾತ್ರ ಅವಳು ರಾಟೆಗೆ ಕೈಹಾಕುವಳು. ಎರಡೂ ಬುಟ್ಟಿಗಳು ತುಂಬಿದ್ದರೆ ಎದ್ದು ಹೋಗಿ ಜೋಳ ಹಸನು ಮಾಡುವಳು. ಅಪ್ಪನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. "ಕೈ ಖಾಲಿ ಅದಾವಲ್ಲ, ಇನ್ನೊಂದು ನಾಕು ಬುಟ್ಟಿ ಸುತ್ತಿ ಇಡಬಾರದೇನು?" ಎಂದು ಗದರುತ್ತಿದ್ದನು. ಒಮ್ಮೆ ಅವನ ಮಾತಿಗೆ ಬಿದ್ದು ಅವಳು ಸುತ್ತಿಯೂ ಇಟ್ಟಳು. ಒಂದು ಗೋಣಿಚೀಲದ ತುಂಬ ಕೆಂಪು ಕಂಡಿಕೆಗಳು. ಮಾರನೆಯ ವಾರ ಪೇಟೆಯಿಂದ ಬಂದ ಬೇಡಿಕೆಯು ಹಸಿರು ಅಂಚಿನದಾಗಿತ್ತು. ಆ ಕೆಂಪು ನೂಲು ಎರಡು ಮಳೆಗಾಲಗಳನ್ನು ಅಟ್ಟದ ಮೇಲೆ ಕಳೆದು, ಇಲಿಗಳ ಗೂಡಿಗೆ ಮೆತ್ತೆಯಾಗಿ ಸಾರ್ಥಕವಾಯಿತು. ಅವ್ವನು ಏನೂ ಆಡಲಿಲ್ಲ. ಮತ್ತೆ ಎರಡೇ ಬುಟ್ಟಿಗಳ ಪದ್ಧತಿಗೆ ಹಿಂದಿರುಗಿದಳು.

1964ರ ಮಾತು. ದೀಪಾವಳಿಯ ಪೇಟೆಗಾಗಿ ಒಬ್ಬ ದೊಡ್ಡ ವ್ಯಾಪಾರಿಯು ಟವೆಲು ತೆಗೆದುಕೊಳ್ಳುವುದಾಗಿ ಬಾಯಿಮಾತಿನಲ್ಲಿ ಹೇಳಿದನು. ಎಷ್ಟು ಎಂಬುದನ್ನು ಅವನೂ ಹೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಉದ್ರಿಯ ಮೇಲೆ ನೂಲನ್ನು ತಂದು ಹಾಕಿ ಅಪ್ಪ ನಾಲ್ಕೂ ಮಗ್ಗಗಳನ್ನು ಮಧ್ಯರಾತ್ರಿಯವರೆಗೆ ಓಡಿಸಿದನು. ಮನೆಯ ನಡುಕೋಣೆಯಲ್ಲಿ ಟವೆಲುಗಳ ಗಂಟುಗಳು ಏರತೊಡಗಿದುವು; ಮೊದಲು ಸೊಂಟದವರೆಗೆ, ಆಮೇಲೆ ಗೂಡಿನವರೆಗೆ, ಕಡೆಗೆ ಮಾಡಿನ ತೊಲೆಯವರೆಗೆ. ನಾವು ಮಕ್ಕಳು ಆ ಗಂಟುಗಳ ಸಂದಿಯಲ್ಲಿ ಚಾಪೆ ಹಾಸಿ ಮಲಗಿದೆವು. ಅಪ್ಪ ಆ ರಾಶಿಯನ್ನು ನೋಡಿ ಹಿಗ್ಗುತ್ತಿದ್ದನು. ನನಗೂ ಅದು ಐಶ್ವರ್ಯವೆಂದೇ ತೋರುತ್ತಿತ್ತು.

ಆ ದಿನಗಳಲ್ಲಿಯೇ ತಾತನ ಮಗ್ಗದ ಮೇಲೆ, ಎಡ ಅಂಚಿನಿಂದ ಸುಮಾರು ಒಂದು ಗೇಣಿನ ದೂರದಲ್ಲಿ, ಹಾಸಿನ ಒಂದು ದಾರವು ಮೇಲಿಂದ ಮೇಲೆ ಹರಿಯುತ್ತಿದ್ದುದನ್ನು ನಾನು ನೋಡಿದೆನು. ಒಮ್ಮೆ ಹರಿದರೆ ದಾರದ ದೋಷ. ಅದೇ ಜಾಗದಲ್ಲಿ ಮತ್ತೆ ಮತ್ತೆ ಹರಿದರೆ? ಇದು ಹುಡುಗನಿಗೂ ಹೊಳೆಯುವ ವಿಚಾರ. ಮೊದಲೆರಡು ಸಲ ನಾನು ಕೂಗಿದೆನು. ತಾತ ಮಗ್ಗವನ್ನು ನಿಲ್ಲಿಸಿ, ದಾರವನ್ನು ಹಣಿಗೆಯ ಹಲ್ಲಿನ ಸಂದಿಯಿಂದ ಪೋಣಿಸಿ ಗಂಟು ಹಾಕಿದನು. ಮೂರನೆಯ ಸಲ ಕೂಗಿದಾಗ ಅಪ್ಪ ಒಳಗಿನಿಂದ ಬಂದನು. "ಘಳಿಗಿಗೊಮ್ಮೆ ಯಾಕ ನಿಲ್ಲಸ್ತೀರಿ? ಒಂದು ಎಳಿ ಹರದ್ರ ಲೋಕ ಮುಳಗತದೇನು?" ಎಂದನು. ಆ ಸಂಜೆಯಿಂದ ನಾನು ಕೂಗುವುದನ್ನು ಬಿಟ್ಟೆನು. ದಾರವು ಹರಿಯುತ್ತಿತ್ತು, ನಾನು ನೋಡುತ್ತಿದ್ದೆನು, ಮಗ್ಗವು ನೇಯುತ್ತಿತ್ತು.

ದೀಪಾವಳಿಗೆ ಎಂಟು ದಿನ ಮುಂಚೆ ವ್ಯಾಪಾರಿಯ ಗುಮಾಸ್ತನು ಬಂದು ಗಂಟುಗಳನ್ನು ಬಿಚ್ಚಿಸಿದನು. ಬಿಸಿಲಿಗೆ ಹಿಡಿದ ಟವೆಲುಗಳಲ್ಲಿ, ಎಡ ಅಂಚಿನಿಂದ ಒಂದು ಗೇಣಿನಾಚೆ, ಒಂದೇ ಜಾಗದಲ್ಲಿ ಒಂದೇ ಗೆರೆಯು ಬೆಳ್ಳಗೆ ಹೊಳೆಯಿತು. ತಾತನ ಮಗ್ಗದಿಂದ ಇಳಿದುದು ಯಾವುದು, ಉಳಿದ ಮಗ್ಗಗಳದು ಯಾವುದು ಎಂದು ಬೇರ್ಪಡಿಸಿ ಕಟ್ಟುವ ಪದ್ಧತಿಯು ನಮ್ಮಲ್ಲಿ ಇರಲಿಲ್ಲ; ಎಲ್ಲವೂ ಒಂದೇ ರಾಶಿಯಲ್ಲಿ ಬೆರೆತಿದ್ದುವು. ಗುಮಾಸ್ತನಿಗೆ ಆರಿಸುವಷ್ಟು ಪುರುಸೊತ್ತು ಇರಲಿಲ್ಲ. ರಾಶಿಯೇ ತಿರಸ್ಕೃತವಾಯಿತು. ಕಡೆಗೆ ಅರ್ಧ ಬೆಲೆಗೆ, ಅದೂ ಉದ್ರಿಯಲ್ಲಿ, ಕೆಲವು ಗಂಟುಗಳು ಹೋದುವು.

ಅಂದು ಸಂಜೆ ಅಪ್ಪ ತಾತನನ್ನು ಎಲ್ಲರೆದುರಿಗೆ ಬಾಯಿಗೆ ಬಂದಂತೆ ಅಂದನು. "ಮುಪ್ಪಾತು, ಕಣ್ಣು ಹೋದುವು, ಹೇಳಬಾರದಿತ್ತೇನು?" ಎಂದನು. ತಾತ ಹೆಗಲ ಮೇಲಿನ ವಸ್ತ್ರವನ್ನು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡು, ಯಾವ ಭಾಷೆಯಲ್ಲಿಯೂ ಒಂದು ಮಾತನ್ನೂ ಆಡದೆ ಹೊರಟುಹೋದನು. ನಾನು ಗುಡ್ಡೆಯ ಮೇಲೆ ಕುಳಿತಿದ್ದೆನು. ನನಗೆ ಗೊತ್ತಿತ್ತು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೊಸ ನೇಕಾರನು ಬಂದು ಹಾಸನ್ನು ಬದಲಿಸುವಾಗ ಹಣಿಗೆಯ ಒಂದು ಹಲ್ಲು ಬಾಗಿದ್ದುದು ಕಂಡಿತು. ಅದರ ಅಂಚು ದಾರವನ್ನು ಗರಗಸದಂತೆ ತೀಡುತ್ತಿತ್ತು. ಹೊಸ ಹಣಿಗೆಯನ್ನು ಹಾಕಿದರು. ಹಳೆಯದು ಅಟ್ಟಕ್ಕೆ ಏರಿತು. ನೂಲಿನ ಸಾಲವು ಮಾತ್ರ ಇಳಿಯಲಿಲ್ಲ. 1967ರಲ್ಲಿ ನಾಲ್ಕು ಮಗ್ಗಗಳೂ ಮನೆಯಿಂದ ಹೊರಟುವು. ಆ ರಾತ್ರಿ ಸಪ್ಪಳವಿಲ್ಲದೆ ನಮಗೆ ಯಾರಿಗೂ ನಿದ್ದೆ ಬರಲಿಲ್ಲ.

ಇಷ್ಟು ಹಳೆಯ ಕಥೆ. ನಿವೃತ್ತನಾದ ಮರುವರ್ಷ ಸಿದ್ಧೇಶ್ವರ ಜಾತ್ರೆಗೆಂದು ನನ್ನ ತಮ್ಮನ ಮಗನು ಬಂದನು. ಅವನು ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರಖಾನೆಯಲ್ಲಿ ಕೆಲಸಕ್ಕಿದ್ದಾನೆ. 1997ರಲ್ಲಿ ಸ್ಥಾಪಿತವಾದ ಕಂಪನಿ ಅದು. ಊಟವಾದ ಮೇಲೆ ಅಲ್ಲಿಯ ಕೆಲಸದ ರೀತಿಯನ್ನು ವಿವರಿಸುತ್ತ, "ನಮ್ಮಲ್ಲಿ ತಲೆಯ ಮೇಲೆ ಒಂದು ಹಗ್ಗ ಇರುತ್ತದೆ, ದೊಡ್ಡಪ್ಪ. ಏನಾದರೂ ತಪ್ಪು ಕಂಡರೆ ಯಾರು ಬೇಕಾದರೂ ಎಳೆಯಬಹುದು. ಕೂಡಲೇ ದೀಪ ಹತ್ತುತ್ತದೆ, ಮೇಲಿನವನು ಓಡಿ ಬರುತ್ತಾನೆ. ಅಲ್ಲಿಯೇ ಸರಿಹೋಗದಿದ್ದರೆ ಸಾಲಿಗೆ ಸಾಲೇ ನಿಲ್ಲುತ್ತದೆ" ಎಂದನು. ಎಳೆದವನನ್ನು ಬೈಯುವುದಿಲ್ಲವೇ ಎಂದು ಕೇಳಿದೆನು. ಇಲ್ಲ, ಎಳೆಯದಿದ್ದವನನ್ನು ಕೇಳುತ್ತಾರೆ ಎಂದನು. ನಾನು ಬಾಯಲ್ಲಿದ್ದ ಅಡಿಕೆಯನ್ನು ಅಗಿಯುವುದನ್ನು ಮರೆತೆನು.

ಆಮೇಲೆ ಅವನು ಕಳುಹಿಸಿದ ಒಂದೆರಡು ಪುಸ್ತಕಗಳನ್ನು ನಿಘಂಟನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿದೆನು. ಓದುತ್ತ ಹೋದಂತೆ ಒಂದು ಸಂಗತಿಯು ನನ್ನನ್ನು ಬೆರಗುಗೊಳಿಸಿತು. ಜಗತ್ತಿನಲ್ಲೆಲ್ಲ ಕಾರಿನ ಕಂಪನಿಯೆಂದು ಹೆಸರಾದ ಈ ಮನೆತನದ ಮೂಲವು ಮಗ್ಗ. 1867ರಲ್ಲಿ ಜಪಾನಿನ ಒಂದು ಹಳ್ಳಿಯಲ್ಲಿ ಬಡಗಿಯ ಮಗನಾಗಿ ಹುಟ್ಟಿದ ಸಕಿಚಿ ಟೊಯೊಡಾ ಎಂಬಾತನು, ತನ್ನ ತಾಯಿಯು ಕೈಮಗ್ಗದ ಮೇಲೆ ಪಡುತ್ತಿದ್ದ ಪಾಡನ್ನು ಕಂಡು, ಮರದ ಮಗ್ಗವೊಂದನ್ನು ಸುಧಾರಿಸಿ 1891ರಲ್ಲಿ ಅದಕ್ಕೆ ಸನದು ಪಡೆದನು. 1896ರಲ್ಲಿ ಆತನು ನಿರ್ಮಿಸಿದ ಯಂತ್ರಮಗ್ಗದಲ್ಲಿ ಹೊಕ್ಕಿನ ದಾರವು ಹರಿದ ಕೂಡಲೆ ಮಗ್ಗವು ತಾನಾಗಿ ನಿಲ್ಲುವ ಏರ್ಪಾಡಿತ್ತು. 1924ರಲ್ಲಿ ಮಗನಾದ ಕಿಇಚಿರೊನೊಡನೆ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗವಂತೂ ಓಟವನ್ನು ನಿಲ್ಲಿಸದೆಯೇ ಲಾಳಿಯನ್ನು ಬದಲಿಸಿಕೊಳ್ಳುತ್ತಿತ್ತು. ಹಾಸಿನ ಎಳೆಯೊಂದು ಹರಿದರೆ ಮಾತ್ರ ಆ ಕ್ಷಣವೇ ಕಲ್ಲಿನಂತೆ ನಿಂತುಬಿಡುತ್ತಿತ್ತು. ಆದಕಾರಣ ಮಗ್ಗಕ್ಕೊಬ್ಬ ಕಾವಲುಗಾರನು ಬೇಕಾಗಲಿಲ್ಲ. ಒಬ್ಬಳೇ ಹೆಣ್ಣುಮಗಳು ಮೂವತ್ತಕ್ಕೂ ಮಿಗಿಲಾದ ಮಗ್ಗಗಳನ್ನು ನೋಡಿಕೊಳ್ಳಬಹುದಾಗಿತ್ತು. 1929ರಲ್ಲಿ, ಮಗ್ಗಗಳ ತವರಾದ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಯೇ ಒಂದು ಲಕ್ಷ ಪೌಂಡುಗಳಿಗೆ ಇದರ ಹಕ್ಕನ್ನು ಕೊಳ್ಳಲು ಒಪ್ಪಿತು. ಮರುವರ್ಷ ಸಕಿಚಿ ತೀರಿಕೊಂಡನು. 1937ರಲ್ಲಿ ಮೋಟಾರು ಕಂಪನಿಯು ಹುಟ್ಟಿತು.

ಮಗ್ಗವು ನಿಲ್ಲುವುದರಿಂದ ಲಾಭ ಹೇಗೆ? ಅಪ್ಪನ ಗಣಿತಕ್ಕೆ ಇದು ಒಗ್ಗುತ್ತಿರಲಿಲ್ಲ. ಕೆಟ್ಟ ಬಟ್ಟೆಯನ್ನು ನೇಯುವ ಮಗ್ಗವು ನೂಲನ್ನು ತಿನ್ನುತ್ತದೆ, ಕೂಲಿಯನ್ನು ತಿನ್ನುತ್ತದೆ, ಗಿರಾಕಿಯ ನಂಬಿಕೆಯನ್ನೂ ತಿನ್ನುತ್ತದೆ. ನಿಂತ ಮಗ್ಗವು ಇವೊಂದನ್ನೂ ತಿನ್ನುವುದಿಲ್ಲ. ಅಷ್ಟೇ ಅಲ್ಲ, ಅದು ನಿಂತ ಜಾಗದಲ್ಲಿಯೇ ತಪ್ಪು ಇನ್ನೂ ಬಿಸಿಯಾಗಿ ಇರುತ್ತದೆ. ಹುಡುಕುವವನಿಗೆ ಹಣಿಗೆಯ ಹಲ್ಲು ಕೈಗೆ ಸಿಕ್ಕುತ್ತದೆ. ಮೂರು ವಾರಗಳ ನಂತರ ಗಂಟು ಬಿಚ್ಚಿದಾಗ ಸಿಕ್ಕುವುದು ಬೈಗುಳಕ್ಕೆ ಒಬ್ಬ ಮುದುಕ ಮಾತ್ರ.

ಈ ತತ್ತ್ವಕ್ಕೆ ಅವರು 'ಜಿದೋಕಾ' ಎನ್ನುತ್ತಾರೆ. ಭಾಷೆಯನ್ನು ಕಲಿಸುವವರಿಗೆ ರುಚಿಸುವ ಒಂದು ಸೂಕ್ಷ್ಮವು ಇದರಲ್ಲಿದೆ. ಸ್ವಯಂಚಲನೆ ಎಂಬ ಅರ್ಥದ ಸಾಮಾನ್ಯ ಪದವನ್ನು ಬರೆಯುವಾಗ 'ಚಲನೆ'ಯ ಅಕ್ಷರವನ್ನು ಬಳಸುವುದು ರೂಢಿ. ಟೊಯೊಟಾದವರು ಆ ಅಕ್ಷರದ ಪಕ್ಕದಲ್ಲಿ 'ಮನುಷ್ಯ' ಎಂಬ ಗುರುತನ್ನು ಸೇರಿಸಿ ಬರೆಯುತ್ತಾರೆ. ಉಚ್ಚಾರ ಒಂದೇ, ಆದರೆ ಆ ಗುರುತು ಸೇರಿದೊಡನೆ ಅಕ್ಷರದ ಅರ್ಥವು 'ದುಡಿಮೆ' ಎಂದಾಗುತ್ತದೆ. ಬರಿದೆ ಅಲುಗಾಡುವುದು ಬೇರೆ, ದುಡಿಯುವುದು ಬೇರೆ. ನಮ್ಮ ಮನೆಯ ಮಗ್ಗಗಳು 1964ರ ಆ ಮೂರು ವಾರ ಬಹಳ ಅಲುಗಾಡಿದುವು.

ಈ ಮಗ್ಗದ ಬುದ್ಧಿಯನ್ನು ಕಾರಿನ ಕಾರಖಾನೆಗೆ ಒಯ್ದವರಲ್ಲಿ ಮುಖ್ಯನು ತಾಯಿಚಿ ಓನೊ. 1932ರಲ್ಲಿ ಟೊಯೊಡಾ ಮನೆತನದ ನೂಲುವ ನೇಯುವ ಗಿರಣಿಯನ್ನು ಸೇರಿ, 1943ರಲ್ಲಿ ಮೋಟಾರು ಕಂಪನಿಗೆ ಬಂದ ಈತನು, ಒಬ್ಬಳು ಹಲವು ಮಗ್ಗಗಳನ್ನು ನೋಡಿಕೊಳ್ಳುವುದಾದರೆ ಒಬ್ಬನು ಹಲವು ಯಂತ್ರಗಳನ್ನು ಏಕೆ ನೋಡಿಕೊಳ್ಳಬಾರದು ಎಂದು ಕೇಳಿದನು. ಯುದ್ಧದಲ್ಲಿ ಸೋತ ದೇಶ; ಬಂಡವಾಳವಿಲ್ಲ, ಮಾಲು ಇಡಲು ಮನೆಯಿಲ್ಲ, ಕೊಳ್ಳುವವರೂ ಕಡಿಮೆ. 1950ರಲ್ಲಿ ಮಾರಾಟವಾಗದ ವಾಹನಗಳು ಬಿದ್ದು, ಸಾಲವು ಏರಿ, ಸಾವಿರಕ್ಕೂ ಹೆಚ್ಚು ಜನರು ಕೆಲಸವನ್ನು ಕಳೆದುಕೊಂಡು, ಮುಷ್ಕರವಾಗಿ, ಕಿಇಚಿರೊ ಅಧ್ಯಕ್ಷಪದವಿಯನ್ನೇ ಬಿಟ್ಟನು. ಕೆಲವು ದಿನಗಳಲ್ಲಿಯೇ ಕೊರಿಯಾದ ಯುದ್ಧವು ಆರಂಭವಾಗಿ ಅಮೆರಿಕದ ಸೈನ್ಯದಿಂದ ಲಾರಿಗಳ ಬೇಡಿಕೆಯು ಬಂದು ಕಂಪನಿಯು ಬದುಕಿತು. ಇದನ್ನು ಅದೃಷ್ಟವೆಂದೇ ಹೇಳಬೇಕು. ಪುಸ್ತಕಗಳು ಅದೃಷ್ಟಕ್ಕೆ ಹೆಚ್ಚು ಪುಟಗಳನ್ನು ಕೊಡುವುದಿಲ್ಲ. ನಮ್ಮ ಮನೆಯ ಬಾಗಿಲಿಗೆ ಅಂಥ ಯುದ್ಧವು ಬರಲಿಲ್ಲ.

ಮಾರಾಟವಾಗದ ಮಾಲಿನ ಭಯವನ್ನು ಓನೊ ಮರೆಯಲಿಲ್ಲ. ವ್ಯರ್ಥಗಳನ್ನು ಆತನು ಏಳು ಬಗೆಯಾಗಿ ಎಣಿಸುತ್ತಾನೆ. ಕಾಯುವುದು, ಸಾಗಿಸುವುದು, ಸುಮ್ಮನೆ ತಿರುಗಾಡುವುದು ಮುಂತಾದುವು ಅದರಲ್ಲಿವೆ. ಆದರೆ ಎಲ್ಲಕ್ಕೂ ಹಿರಿಯ ಪಾಪವು ಬೇಡಿಕೆಗಿಂತ ಹೆಚ್ಚಾಗಿ ತಯಾರಿಸುವುದು, ಏಕೆಂದರೆ ಉಳಿದ ಪಾಪಗಳನ್ನು ಅದು ತನ್ನ ಸೆರಗಿನಲ್ಲಿ ಮುಚ್ಚಿಡುತ್ತದೆ. ತೊಲೆಮುಟ್ಟ ರಾಶಿಯಿದ್ದಾಗ ಗೆರೆಬಿದ್ದ ಟವೆಲು ಕಾಣುವುದಿಲ್ಲ. ಇದಕ್ಕೆ ಆತನು ಕಂಡ ಉಪಾಯವು ಅಮೆರಿಕದ ಸ್ವಸಹಾಯ ಅಂಗಡಿಗಳಿಂದ ಬಂದುದು. ಗಿರಾಕಿಯು ಹಲಗೆಯಿಂದ ಎಷ್ಟನ್ನು ತೆಗೆದನೋ ಅಷ್ಟನ್ನೇ ಅಂಗಡಿಯವನು ಮತ್ತೆ ತುಂಬುತ್ತಾನೆ. ಕಾರಖಾನೆಯಲ್ಲಿಯೂ ಮುಂದಿನ ವಿಭಾಗದವನು ಗಿರಾಕಿ, ಹಿಂದಿನವನು ಅಂಗಡಿಕಾರ. ಎಷ್ಟು ಬೇಕೆಂಬುದನ್ನು ತಿಳಿಸಲು 'ಕಾನ್‌ಬಾನ್' ಎಂಬ ಒಂದು ಚೀಟಿ. ಚೀಟಿ ಬರದೆ ಯಾವನೂ ಒಂದು ಬಿಡಿಭಾಗವನ್ನೂ ಮಾಡಕೂಡದು. 1953ರ ವೇಳೆಗೆ ಆತನ ವಿಭಾಗದಲ್ಲಿ ಇದು ನಡೆಯುತ್ತಿತ್ತು.

ಈ ಪುಟವನ್ನು ಓದಿದಾಗ ನಾನು ಪುಸ್ತಕವನ್ನು ಮಗುಚಿ ಇಟ್ಟು ಬಹಳ ಹೊತ್ತು ಕುಳಿತೆನು. ಅವ್ವನ ಎರಡು ಬುಟ್ಟಿಗಳು! ಖಾಲಿ ಬುಟ್ಟಿಯೇ ಅವಳ ಚೀಟಿಯಾಗಿತ್ತು. ಅಕ್ಷರವನ್ನರಿಯದ ಆ ಹೆಣ್ಣುಮಗಳು ಯಾವ ಅಂಗಡಿಯನ್ನೂ ನೋಡಿ ಇದನ್ನು ಕಲಿತವಳಲ್ಲ. ಸುತ್ತಿದ ನೂಲು ಬಿಚ್ಚಿದರೆ ಮೊದಲಿನಂತಾಗುವುದಿಲ್ಲ ಎಂಬುದು ಅವಳ ಬೆರಳುಗಳಿಗೆ ಗೊತ್ತಿತ್ತು. ಅವಳನ್ನು ಸೋಮಾರಿಯೆಂದು ಕರೆದ ಮನೆಯಲ್ಲಿ ನಾನು ಬೆಳೆದೆನು. ಕರೆದವರಲ್ಲಿ ನಾನೂ ಒಬ್ಬನಾಗಿದ್ದೆನೆಂಬುದನ್ನು ಬರೆಯಲು ಈಗ ಕೈ ನಡುಗುತ್ತದೆ.

ಈ ಕ್ರಮಕ್ಕೆಲ್ಲ 1988ರಲ್ಲಿ ಒಬ್ಬ ಅಮೆರಿಕದ ಲೇಖಕನು 'ಲೀನ್' ಎಂಬ ಹೆಸರನ್ನು ಕೊಟ್ಟನು. 1990ರ ಒಂದು ಪ್ರಸಿದ್ಧ ಗ್ರಂಥದಿಂದ ಅದು ಜಗತ್ತಿಗೆಲ್ಲ ಹಬ್ಬಿತು. ಕೊಬ್ಬಿಲ್ಲದ ಮೈ ಎಂದು ಅದರ ಅರ್ಥ. ನಮ್ಮ ಭಾಷೆಯಲ್ಲಿ ಇದೇ ಧ್ವನಿಯ 'ಲೀನ' ಎಂಬುದಕ್ಕೆ ಮುಳುಗಿಹೋದುದು ಎಂಬ ಅರ್ಥವಿದೆ. ಎರಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಆದರೆ ಕೊಬ್ಬನ್ನು ಇಳಿಸಲು ಹೋಗಿ ಮುಳುಗಿದವರೂ ಉಂಟೆಂದು ಕೇಳಿದ್ದೇನೆ.

ನಮ್ಮ ವೃತ್ತಿಗೆ ಬರೋಣ. ಶಿಗೆಯೊ ಶಿಂಗೊ ಎಂಬ ಇನ್ನೊಬ್ಬ ಜಪಾನಿ ಯಂತ್ರಜ್ಞನಿದ್ದನು. 1961ರಲ್ಲಿ ಒಂದು ವಿದ್ಯುತ್ ಕಾರಖಾನೆಯಲ್ಲಿ ಚಿಕ್ಕ ಗುಂಡಿಗಳನ್ನು ಜೋಡಿಸುವಾಗ ಒಳಗೆ ಇಡಬೇಕಾದ ಎರಡು ಸ್ಪ್ರಿಂಗುಗಳಲ್ಲಿ ಒಂದನ್ನು ಕೆಲಸಗಾರರು ಆಗಾಗ್ಗೆ ಮರೆಯುತ್ತಿದ್ದರು. ಮೇಲಧಿಕಾರಿಗಳು ಎಚ್ಚರಿಕೆ ಕೊಟ್ಟರು, ಗದರಿದರು. ಕೆಲವು ದಿನ ಸರಿಹೋಗಿ ಮತ್ತೆ ಅದೇ ಗತಿ. ಶಿಂಗೊ ಹೇಳಿದುದು ಇಷ್ಟೇ: ಕೆಲಸಗಾರನ ಮುಂದೆ ಒಂದು ಪುಟ್ಟ ತಟ್ಟೆಯನ್ನು ಇಡಿರಿ; ಪೆಟ್ಟಿಗೆಯಿಂದ ಎರಡು ಸ್ಪ್ರಿಂಗುಗಳನ್ನು ಮೊದಲು ಆ ತಟ್ಟೆಯಲ್ಲಿ ಹಾಕಿಕೊಂಡು ಆಮೇಲೆ ಜೋಡಿಸಲಿ. ಜೋಡಣೆ ಮುಗಿದ ಮೇಲೆ ತಟ್ಟೆಯಲ್ಲಿ ಒಂದು ಉಳಿದಿದ್ದರೆ ಮರೆತದ್ದು ಅವನಿಗೇ ಕಾಣುತ್ತದೆ. ಇಂಥ ಉಪಾಯಗಳಿಗೆ ಮೊದಲು 'ಬಾಕಾ ಯೋಕೆ' ಎನ್ನುತ್ತಿದ್ದರು. 'ಬಾಕಾ' ಎಂದರೆ ದಡ್ಡ. 1963ರಲ್ಲಿ ಇನ್ನೊಂದು ಕಾರಖಾನೆಯಲ್ಲಿ ಈ ಹೆಸರನ್ನು ಕೇಳಿದ ಒಬ್ಬ ಹುಡುಗಿಯು, ತಾನು ಅಂಥ ದಡ್ಡಳೇ ಎಂದು ಅತ್ತುಬಿಟ್ಟಳಂತೆ. ಶಿಂಗೊ ಹೆಸರನ್ನು 'ಪೋಕಾ ಯೋಕೆ' ಎಂದು ತಿದ್ದಿದನು. 'ಪೋಕಾ' ಎಂದರೆ ಅರಿಯದೆ ಆಗುವ ತಪ್ಪು.

ಒಂದಕ್ಷರದ ಈ ತಿದ್ದುಪಡಿಯು ನನ್ನ ನಿದ್ದೆಯನ್ನು ಕೆಡಿಸಿತು. ಏಳನೆಯ ಇಯತ್ತೆಗೆ ಗಣಿತವನ್ನು ಕಲಿಸುತ್ತಿದ್ದಾಗ ನಾನು ಎಷ್ಟು ಮಕ್ಕಳನ್ನು 'ಬಾಕಾ' ಎಂದಿಲ್ಲ! ಹುಡುಗನೊಬ್ಬನು ಭಾಗಾಕಾರದಲ್ಲಿ ಸದಾ ತಪ್ಪುತ್ತಿದ್ದನು. ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಅವನ ಉತ್ತರಪತ್ರಿಕೆಯನ್ನು ಎದುರಿಗೆ ಇಟ್ಟುಕೊಂಡು ನೋಡಿದಾಗ, ಅವನ ತಪ್ಪು ಭಾಗಾಕಾರದಲ್ಲಿ ಇರಲೇ ಇಲ್ಲ. ಮೂರನೆಯ ಇಯತ್ತೆಯಲ್ಲಿ ಕಲಿಯಬೇಕಾದ ದಶಕ ಎರವಲು ತರುವ ವ್ಯವಕಲನದಲ್ಲಿತ್ತು. ಪ್ರತಿಯೊಂದು ಲೆಕ್ಕದಲ್ಲಿಯೂ ಒಂದೇ ಜಾಗದಲ್ಲಿ ಒಂದೇ ಗೆರೆ. ನಾಲ್ಕು ವರ್ಷ ನಾಲ್ವರು ಮಾಸ್ತರರು, ಐದನೆಯವನಾಗಿ ನಾನು, ಪಾಠವನ್ನು ನಿಲ್ಲಿಸದೆ ನೇಯುತ್ತ ಹೋಗಿದ್ದೆವು. ಪಠ್ಯಕ್ರಮವು ಮುಗಿಯಬೇಕಷ್ಟೆ! ಅವನು ನಪಾಸಾದನು, ಮರುವರ್ಷ ಶಾಲೆಗೆ ಬರಲಿಲ್ಲ. ಮುಂದೆ ಒಂದು ದಿನ ಪೇಟೆಯಲ್ಲಿ ತಲೆಯ ಮೇಲೆ ನೂಲಿನ ಹೊರೆಯನ್ನು ಹೊತ್ತು ಹೋಗುತ್ತಿದ್ದವನು ನನ್ನನ್ನು ಕಂಡು "ನಮಸ್ಕಾರ್ರೀ ಸರ್" ಎಂದನು.

ಶಾಲೆಯ ಸೈಕ್ಲೋಸ್ಟೈಲ್ ಯಂತ್ರದ ಕಥೆಯೂ ಇಂಥದೇ, ಆದರೆ ಹಗುರಾದುದು. ಒಮ್ಮೆ ಪ್ರಶ್ನಪತ್ರಿಕೆಯ ಮೇಣದ ಹಾಳೆಯನ್ನು ನಾನೇ ಕೊರೆದು, ಅವಸರದಲ್ಲಿ ಹಿಡಿಕೆಯನ್ನು ತಿರುಗಿಸಿ, ಇನ್ನೂರ ನಲವತ್ತು ಪ್ರತಿಗಳನ್ನು ತೆಗೆದ ಮೇಲೆ ಐದನೆಯ ಲೆಕ್ಕದಲ್ಲಿ ಗಾಡಿಯ ವೇಗವನ್ನೇ ಬರೆಯದಿದ್ದುದು ಕಂಡಿತು. ಮೈಯೆಲ್ಲ ಮಸಿ. ಅಂದಿನಿಂದ ನಮ್ಮ ಮುಖ್ಯಾಧ್ಯಾಪಕರು ಮೊದಲ ಒಂದು ಪ್ರತಿಯನ್ನು ತೆಗೆದು, ಆ ವಿಷಯವನ್ನು ಕಲಿಸದ ಮಾಸ್ತರರ ಕೈಗೆ ಕೊಟ್ಟು ಲೆಕ್ಕಗಳನ್ನು ಬಿಡಿಸುವಂತೆ ಹೇಳುವ ಪದ್ಧತಿಯನ್ನು ಹಾಕಿದರು. ಅವರು ಯಾವ ಜಪಾನಿ ಪುಸ್ತಕವನ್ನೂ ಓದಿದವರಲ್ಲ. ಕನ್ನಡದ ಮಾಸ್ತರರು ಗಣಿತದ ಪತ್ರಿಕೆಯನ್ನು ಬೆವರುತ್ತ ಬಿಡಿಸುವ ದೃಶ್ಯವು ನಮ್ಮ ಕೋಣೆಗೆ ವರ್ಷಕ್ಕೆರಡು ಸಲ ಹಬ್ಬವಾಗಿತ್ತು.

ಅಮೆರಿಕದ ಸಂಖ್ಯಾಶಾಸ್ತ್ರಜ್ಞನಾದ ಡೆಮಿಂಗ್ ಎಂಬಾತನು 1950ರಲ್ಲಿ ಜಪಾನಿಗೆ ಹೋಗಿ ಉಪನ್ಯಾಸಗಳನ್ನು ಕೊಟ್ಟನು. ಮರುವರ್ಷದಿಂದ ಅವನ ಹೆಸರಿನಲ್ಲಿ ಒಂದು ಪಾರಿತೋಷಕವೂ ಆರಂಭವಾಯಿತು. ಕಟ್ಟಕಡೆಯ ತಪಾಸಣೆಯನ್ನು ನೆಚ್ಚಿಕೊಂಡು ಗುಣವನ್ನು ಸಾಧಿಸಲಾಗದು, ಗುಣವು ಮಾಡುವಾಗಲೇ ಸೇರಬೇಕು ಎಂಬುದು ಅವನ ಮುಖ್ಯವಾದ ಮಾತುಗಳಲ್ಲಿ ಒಂದು. ವಾರ್ಷಿಕ ಪರೀಕ್ಷೆಯೆಂಬ ಗುಮಾಸ್ತನನ್ನು ನೆಚ್ಚಿದ ನಮಗೆ ಇದು ಚುಚ್ಚುವ ಮಾತು. ಆ ಪಾರಿತೋಷಕವು 2002ರಲ್ಲಿ ಹೊಸೂರಿನ ಟಿವಿಎಸ್ ಮೋಟಾರು ಕಂಪನಿಗೆ ಬಂದಿತೆಂದು ಓದಿದಾಗ ಒಂದು ಸಣ್ಣ ಹೆಮ್ಮೆ. ನಮ್ಮ ಹಾಗೆಯೇ ಗಡಿಯಾಚೆಗೆ ಉಳಿದ ಕನ್ನಡಿಗರ ಊರಲ್ಲವೆ ಅದು!

ಇಷ್ಟು ಹೊಗಳಿದ ಮೇಲೆ ನನ್ನ ಅನುಮಾನಗಳನ್ನೂ ಹೇಳಬೇಕು. ಸತೋಶಿ ಕಾಮಾತಾ ಎಂಬ ಪತ್ರಕರ್ತನು ಟೊಯೊಟಾ ಕಾರಖಾನೆಯಲ್ಲಿ ಹಂಗಾಮಿ ಕೂಲಿಯಾಗಿ ದುಡಿದು 1973ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಹಗ್ಗವಿದ್ದರೂ ಓಡುವ ಸಾಲಿನ ವೇಗವು ಮನುಷ್ಯನನ್ನು ಹೇಗೆ ಹಿಂಡುತ್ತದೆ ಎಂಬುದು ಅದರಲ್ಲಿದೆ. ವ್ಯರ್ಥವನ್ನು ತೆಗೆಯುವ ಕೈ ಎಲ್ಲಿ ನಿಲ್ಲಬೇಕು? ಉಸಿರಾಡಲು ನಿಂತ ಒಂದು ಘಳಿಗೆಯೂ ವ್ಯರ್ಥವೇ? ಓನೊನ ಏಳು ಬಗೆಗಳಲ್ಲಿ ಇದಕ್ಕೆ ಉತ್ತರವು ನನಗೆ ಸಿಕ್ಕಲಿಲ್ಲ. ಇನ್ನು ಆ ಕಂಪನಿಯೇ ತನ್ನ ಪಾಠವನ್ನು ಮರೆತ ಪ್ರಸಂಗವೂ ಉಂಟು: 2009, 2010ರಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ದೋಷಕ್ಕಾಗಿ ಹಿಂದಕ್ಕೆ ಕರೆಸಿಕೊಳ್ಳಬೇಕಾಗಿ ಬಂದಾಗ, ಸಕಿಚಿಯ ಮರಿಮಗನಾದ ಅಕಿಯೊ ಟೊಯೊಡಾ ಅಮೆರಿಕದ ಶಾಸನಸಭೆಯ ಸಮಿತಿಯೆದುರು ನಿಂತು, ಬೆಳವಣಿಗೆಯ ವೇಗವು ತಮ್ಮ ಶಕ್ತಿಯನ್ನು ಮೀರಿತ್ತೆಂದು ಒಪ್ಪಿಕೊಂಡನು. ಸಂಗ್ರಹವೇ ಕೂಡದೆಂಬುದೂ ವೇದವಾಕ್ಯವಲ್ಲ. 2011ರ ಭೂಕಂಪದಲ್ಲಿ ಬಿಡಿಭಾಗಗಳು ಬಾರದೆ ಕಷ್ಟಪಟ್ಟ ಮೇಲೆ ಅವರು ಎಲೆಕ್ಟ್ರಾನಿಕ್ ಚಿಪ್ಪುಗಳ ಮಟ್ಟಿಗೆ ಎರಡರಿಂದ ಆರು ತಿಂಗಳ ದಾಸ್ತಾನನ್ನು ಇಡುವಂತೆ ಒದಗಿಸುವವರಿಗೆ ಹೇಳಿದರು. ಆದಕಾರಣ 2021ರ ಚಿಪ್ಪಿನ ಬರದಲ್ಲಿ ಮೊದಮೊದಲು ಉಳಿದವರಿಗಿಂತ ಕಡಿಮೆ ನಲುಗಿದರು. ಅವ್ವನೂ ಉಪ್ಪು ಜೋಳಗಳನ್ನು ಎರಡೇ ಬುಟ್ಟಿಗಳಲ್ಲಿ ಇಡುತ್ತಿರಲಿಲ್ಲ; ಅದಕ್ಕೆ ಹಗೇವು ಇತ್ತು.

ಓನೊನ ಇನ್ನೊಂದು ಪದ್ಧತಿಯೆಂದರೆ 'ಯಾಕೆ' ಎಂದು ಐದು ಸಲ ಕೇಳುವುದು. ಯಂತ್ರ ನಿಂತಿತು, ಯಾಕೆ? ಹೊರೆ ಹೆಚ್ಚಾಗಿ ಫ್ಯೂಸು ಸುಟ್ಟಿತು. ಹೊರೆ ಯಾಕೆ ಹೆಚ್ಚಿತು? ತಿರುಗುವ ಭಾಗಕ್ಕೆ ಎಣ್ಣೆ ಸಾಲಲಿಲ್ಲ. ಎಣ್ಣೆ ಯಾಕೆ ಸಾಲಲಿಲ್ಲ? ಪಂಪು ಸರಿಯಾಗಿ ಎತ್ತಲಿಲ್ಲ. ಹೀಗೆಯೇ ಇಳಿಯುತ್ತ ಹೋದರೆ, ಎಣ್ಣೆಗೆ ಸೋಸುವ ಜಾಲರಿಯಿಲ್ಲದೆ ಲೋಹದ ಪುಡಿಯು ಒಳಸೇರಿದ್ದೇ ಮೂಲವೆಂದು ತಿಳಿಯುತ್ತದೆ. ಮೊದಲ ಉತ್ತರಕ್ಕೆ ತೃಪ್ತರಾದವರು ಫ್ಯೂಸನ್ನು ಬದಲಿಸುತ್ತಲೇ ಇರುತ್ತಾರೆ.

ಕಳೆದ ಸಂಕ್ರಾಂತಿಗೆ ಆ ಹುಡುಗ ಮತ್ತೆ ಬಂದಿದ್ದನು. ಅಟ್ಟವನ್ನು ಹಸನು ಮಾಡುವಾಗ ಹಳೆಯ ಹಣಿಗೆಯು ಅವನ ಕೈಗೆ ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿ, "ಒಂದು ಹಲ್ಲು ಬಾಗಿದೆಯಲ್ಲ ದೊಡ್ಡಪ್ಪ, ಇದನ್ನು ಯಾಕೆ ಇಟ್ಟಿದ್ದೀರಿ?" ಎಂದನು. ಅದರಿಂದ ಬಟ್ಟೆ ಕೆಟ್ಟಿತ್ತು ಎಂದೆನು. ಕೆಡುವವರೆಗೆ ಯಾಕೆ ಬಿಟ್ಟರು? ಮಗ್ಗವನ್ನು ನಿಲ್ಲಿಸಲಿಲ್ಲ ಎಂದೆನು. ಯಾಕೆ ನಿಲ್ಲಿಸಲಿಲ್ಲ? ದಾರ ಹರಿದದ್ದನ್ನು ಕಂಡವನು ಹೇಳಲಿಲ್ಲ ಎಂದೆನು. ಅವನು ಹಣಿಗೆಯ ಧೂಳನ್ನು ಅಂಗಿಯ ತುದಿಯಿಂದ ಒರೆಸುತ್ತ, ತನ್ನ ಕಾರಖಾನೆಯ ರೂಢಿಯಂತೆ, ನಗುತ್ತಲೇ, "ಯಾಕೆ ಹೇಳಲಿಲ್ಲ?" ಎಂದನು. ಒಲೆಯ ಮೇಲೆ ಚಹಾದ ನೀರು ಉಕ್ಕುತ್ತಿತ್ತು. ನಾನು ಎದ್ದು ಒಳಗೆ ಹೋದೆನು.